ಯಾವ ಅಡುಗೆಗೆ ಯಾವ ಮೆಂತ್ಯ ಸೊಪ್ಪು? ಮುಂಬಯಿಯಲ್ಲಿ ಜುಡಿ ಆರಿಸುವವರಿಗೆ

ಸಂಜೆ ಏಳೂವರೆಗೆ ಡೊಂಬಿವಲಿ ಸ್ಟೇಷನ್ನಿನಿಂದ ಹೊರಗೆ ಬಂದರೆ ಮೆಂತ್ಯ ಸೊಪ್ಪು ನಾಲ್ಕು ವೇಷದಲ್ಲಿ ಎದುರಾಗುತ್ತದೆ. ಗೋಣಿತಾಟಿನ ಮೇಲೆ ತೋಳಿನಷ್ಟು ದಪ್ಪದ ಜುಡಿಗಳು, ಅಂದರೆ ಸೊಪ್ಪಿನ ಕಟ್ಟುಗಳು. ಪಕ್ಕದ ಬುಟ್ಟಿಯಲ್ಲಿ ಬೆರಳುದ್ದದ ಪುಟ್ಟ ಕಟ್ಟುಗಳು, ಬೇರು ಮರಳು ಸಮೇತ. ಸ್ವಲ್ಪ ಮುಂದೆ ಒಬ್ಬ ಮಾವಶಿ ಸೋಸಿ ಚೀಲಕ್ಕೆ ತುಂಬಿಟ್ಟ ಬರೀ ಎಲೆ. ಮನೆ ತಿರುವಿನ ಕಿರಾಣಿ ಅಂಗಡಿಯಲ್ಲಿ ಕಸೂರಿ ಮೇಥಿ ಪೊಟ್ಟಣ. ನಾಲ್ಕಕ್ಕೂ ಹೆಸರು ಒಂದೇ, ಮೇಥಿ.

ನಾನು ಹುಬ್ಬಳ್ಳಿ ಕಡೆಯವಳು. ಅಲ್ಲಿ ಮೆಂತ್ಯದ ಸಿವುಡು ಎಂದರೆ ಒಂದೇ ನಮೂನೆ. ತಂದೆವು, ಸೋಸಿದೆವು, ಅರ್ಧ ಹಸಿ ತಿಂದೆವು, ಅರ್ಧ ಬ್ಯಾಳಿಗೆ ಹಾಕಿದೆವು. ಇಲ್ಲಿಗೆ ಬಂದ ಹೊಸದರಲ್ಲಿ ಎಲ್ಲಾ ಮೇಥಿಯೂ ಒಂದೇ ಅಂದುಕೊಂಡು ಪುಟ್ಟ ಕಟ್ಟನ್ನು ಬೇಳೆಗೆ ಹಾಕಿದೆ. ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ದೊಡ್ಡ ಜುಡಿಯ ಬಲಿತ ಎಲೆಯಲ್ಲಿ ಪಚಡಿ ಮಾಡಿದೆ. ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಅಲ್ಲಿಂದ ಮುಂದೆ ನನ್ನ ಲೆಕ್ಕ ಬದಲಾಯಿತು. "ಯಾವುದು ತಾಜಾ ಇದೆ" ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವತ್ತು ಮಾಡೋದೇನು? ಸೋಸೋರು ಯಾರು? ಎರಡನೆಯದನ್ನು ತಮಾಷೆಗೆ ಹೇಳುತ್ತಿಲ್ಲ. ಮೆಂತ್ಯ ಸೊಪ್ಪಿನ ನಿಜವಾದ ಬೆಲೆ ಅದನ್ನು ಸೋಸುವ ಇಪ್ಪತ್ತು ನಿಮಿಷ.

ದೊಡ್ಡ ಜುಡಿ

ಇದು ಹೊಲದ ಮೇಥಿ. ನಾಸಿಕ್, ಪುಣೆ ಕಡೆಯಿಂದ ಲಾರಿಯಲ್ಲಿ ವಾಶಿ ಮಾರ್ಕೆಟ್ಟಿಗೆ ಬಂದು, ಅಲ್ಲಿಂದ ನಮ್ಮ ನಮ್ಮ ಸ್ಟೇಷನ್ನಿಗೆ ಹಂಚಿಹೋಗುತ್ತದೆ. ಒಂದೊಂದು ಕಡ್ಡಿಗೆ ಮೂರು ಮೂರು ಎಲೆ. ಕಹಿ ಇದೆ, ಆದರೆ ಬೇಯಿಸಿದಾಗ ಉಳಿಯುವ ಘಮವೂ ಇದರಲ್ಲೇ ಇದೆ. ದಿನನಿತ್ಯದ ಮುಕ್ಕಾಲು ಪಾಲು ಅಡುಗೆಗೆ ಇದೇ ಸರಿ. ಮೆಂತ್ಯ ಬೇಳೆ, ಮೆಂತ್ಯ ಬಾತ್, ಚಪಾತಿ, ತಾಲಿಪಟ್ಟು, ಆಲೂಗಡ್ಡೆ ಪಲ್ಯ ಎಲ್ಲದಕ್ಕೂ.

ಆರಿಸುವಾಗ ಮೇಲಿನ ಹಸಿರು ನೋಡಿ ಮರುಳಾಗಬೇಡಿ. ಮಾರುವವರು ಗಂಟೆಗೊಮ್ಮೆ ನೀರು ಚಿಮುಕಿಸುತ್ತಾರೆ, ಮೇಲಿನ ಎಲೆ ಯಾವಾಗಲೂ ನಳನಳಿಸುತ್ತಲೇ ಇರುತ್ತದೆ. ಜುಡಿಯ ನಡುವೆ ಎರಡು ಬೆರಳು ತೂರಿಸಿ ನೋಡಿ. ಒಳಗೆ ಬೆಚ್ಚಗಿದ್ದರೆ ಕೊಳೆಯಲು ಶುರುವಾಗಿದೆ ಎಂದೇ ಅರ್ಥ, ರಾತ್ರಿ ಮನೆಯಲ್ಲಿ ಬಿಚ್ಚಿದಾಗ ಮಧ್ಯದ ಎಲೆ ಅಂಟಂಟಾಗಿರುತ್ತದೆ. ಒಳಗೂ ತಣ್ಣಗಿದ್ದರೆ ತಗೊಳ್ಳಿ. ಆಮೇಲೆ ಒಂದು ಕಡ್ಡಿ ಬಗ್ಗಿಸಿ. ಪಟ್ ಎಂದು ಮುರಿದರೆ ಎಳೆಯದು, ಮೇಲಿನ ಕಡ್ಡಿಯನ್ನೂ ಹೆಚ್ಚಿ ಹಾಕಬಹುದು. ನಾರಿನ ಹಾಗೆ ಬಾಗಿದರೆ ಬರೀ ಎಲೆ ಮಾತ್ರ ಸಿಗುತ್ತದೆ, ಅರ್ಧ ಜುಡಿ ಕಸದ ಬುಟ್ಟಿಗೆ. ತುದಿಯಲ್ಲಿ ಬಿಳಿ ಹೂವು ಕಂಡರೆ ಸುಮ್ನೆ ಮುಂದೆ ನಡೆಯಿರಿ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ದೊಡ್ಡ ಜುಡಿಯಲ್ಲಿ ಮೋಸ ಹೋಗುವ ಇನ್ನೊಂದು ಜಾಗ ಅಳತೆ. ಹಸಿಯಾಗಿದ್ದಾಗ ಬುಟ್ಟಿ ತುಂಬ ಕಾಣುವ ಎಲೆ ಬಾಣಲೆಯಲ್ಲಿ ಒಂದು ಹಿಡಿ ಆಗುತ್ತದೆ. ನಾಲ್ಕು ಜನರಿಗೆ ಬರೀ ಮೆಂತ್ಯದ ಪಲ್ಯವೇ ಬೇಕೆಂದರೆ ಎರಡು ಜುಡಿ ಬೇಕು. ಬೇಳೆ ಅಥವಾ ಆಲೂಗಡ್ಡೆ ಜೊತೆಗಾದರೆ ಒಂದು ಸಾಕು.

ಬೇಳೆಗೆ ಹಾಕುವವರಿಗೆ ಒಂದು ಮಾತು. ಸೊಪ್ಪನ್ನು ಬೇಳೆ ಜೊತೆಗೇ ಕುಕ್ಕರಿಗೆ ಹಾಕಬೇಡಿ. ಬಣ್ಣ ಕೆಡುತ್ತದೆ, ಕಹಿ ಎಲ್ಲಾ ಕಡೆ ಹರಡುತ್ತದೆ. ತೊಗರಿಬೇಳೆ ಬೇರೆ ಬೇಯಿಸಿಕೊಳ್ಳಿ. ಎಣ್ಣೆಯಲ್ಲಿ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ, ಸೊಪ್ಪನ್ನು ಅದರಲ್ಲಿ ಚೆನ್ನಾಗಿ ಬಾಡಿಸಿ. ಮೊದಲು ಹಸಿ ಹುಲ್ಲಿನ ವಾಸನೆ ಬರುತ್ತದೆ. ಎರಡು ಮೂರು ನಿಮಿಷದಲ್ಲಿ ಅದು ಹೋಗಿ ಬೇರೆ ಘಮ ಏಳುತ್ತದೆ, ಪಕ್ಕದ ಮನೆಯವರು "ಆಜ್ ಮೇಥಿ ಕಾ?" ಎಂದು ಕೇಳುವಂಥದ್ದು. ಆಗ ಬೇಳೆ ಸುರಿಯಿರಿ. ಕೊನೆಗೆ ಬಟಾಣಿಯಷ್ಟು ಬೆಲ್ಲ. ಬೆಲ್ಲದಿಂದ ಕಹಿ ಹೋಗುವುದಿಲ್ಲ, ಆದರೆ ಜೊತೆಗೆ ಕೂತು ಊಟ ಮಾಡುತ್ತದೆ.

ಕಹಿ ತೆಗೆಯಲು ಉಪ್ಪು ಹಚ್ಚಿ ಹಿಂಡುವವರಿದ್ದಾರೆ. ಮಕ್ಕಳಿರುವ ಮನೆಯಲ್ಲಿ ಪರವಾಗಿಲ್ಲ. ನನಗಂತೂ ಅದು ಮೆಂತ್ಯಕ್ಕೆ ಮಾಡುವ ಅವಮಾನ ಅನಿಸುತ್ತದೆ. ಕಹಿಯೇ ಬೇಡವಾದರೆ ಪಾಲಕ್ ತನ್ನಿ, ಅಲ್ವಾ? ಬದಲಿಗೆ ಎಲೆಯನ್ನು ದಪ್ಪ ದಪ್ಪ ಹೆಚ್ಚಿ ನೋಡಿ. ಸಣ್ಣಗೆ ಕೊಚ್ಚಿದಷ್ಟೂ ಕಹಿ ಜಾಸ್ತಿ ಹೊರಗೆ ಬರುತ್ತದೆ.

ಚಪಾತಿಗೆ ಮಾತ್ರ ಸಣ್ಣಗೆ ಹೆಚ್ಚಲೇಬೇಕು, ಇಲ್ಲದಿದ್ದರೆ ಲಟ್ಟಿಸುವಾಗ ಕಡ್ಡಿ ಚುಚ್ಚಿ ಹರಿಯುತ್ತದೆ. ನಮ್ಮ ಬಿಲ್ಡಿಂಗಿನ ಗುಜರಾತಿ ಬೆನ್ ಕಲಿಸಿದ ಥೇಪ್ಲಾ ವಿಧಾನವೇ ನನಗೆ ಹಿಡಿಸಿದ್ದು. ಒಂದು ಬಟ್ಟಲು ಹೆಚ್ಚಿದ ಸೊಪ್ಪಿಗೆ ಮೊದಲು ಉಪ್ಪು, ಅರಿಶಿನ, ಖಾರದ ಪುಡಿ, ಓಂಕಾಳು ಹಾಕಿ ಕೈಯಲ್ಲಿ ಕಲಸಿ ಐದು ನಿಮಿಷ ಬಿಡುತ್ತಾರೆ. ಸೊಪ್ಪು ನೀರು ಬಿಡುತ್ತದೆ. ಆಮೇಲೆ ಎರಡು ಬಟ್ಟಲು ಗೋಧಿಹಿಟ್ಟು, ಎರಡು ಚಮಚ ಕಡಲೆಹಿಟ್ಟು, ಎಣ್ಣೆ, ಬೇಕಾದಷ್ಟೇ ಮೊಸರು. ಬೇರೆ ನೀರು ಹಾಕುವುದೇ ಇಲ್ಲ. ಕಲಸಿದ ಮೇಲೆ ತಡ ಮಾಡಬಾರದು, ಹಿಟ್ಟು ನಿಂತಷ್ಟೂ ಸಡಿಲವಾಗುತ್ತದೆ. ಊರಿಗೆ ಹೊರಟಾಗ ರೈಲಿಗೆ ನಾನು ಕಟ್ಟಿಕೊಳ್ಳುವುದು ಇದನ್ನೇ. ಎರಡು ದಿನ ಕೆಡುವುದಿಲ್ಲ.

ಸಮುದ್ರ ಮೇಥಿ

ಈಗ ಆ ಪುಟ್ಟ ಕಟ್ಟು. ಮುಂಬಯಿಗೆ ಬಂದ ನಮ್ಮವರು ಮೊದಲ ಸಲ ಇದನ್ನು ನೋಡಿ "ಇದೇನು ಮೊಳಕೆ ಮಾರ್ತಾರೆ" ಎಂದು ನಗುತ್ತಾರೆ. ನಿಜಕ್ಕೂ ಮೊಳಕೆಯೇ. ಸಮುದ್ರ ದಂಡೆಯ ಮರಳು ನೆಲದಲ್ಲಿ ಮೆಂತ್ಯ ಕಾಳು ದಟ್ಟವಾಗಿ ಬಿತ್ತಿ, ಎರಡು ದುಂಡು ಎಲೆ ಬಿಡುತ್ತಿದ್ದಂತೆ ಬೇರು ಸಮೇತ ಕಿತ್ತು ಕಟ್ಟುತ್ತಾರೆ. ಅದಕ್ಕೇ ಸಮುದ್ರ ಮೇಥಿ ಎಂಬ ಹೆಸರು. ಕೆಲವರು ಬಾರೀಕ್ ಮೇಥಿ ಅನ್ನುತ್ತಾರೆ. ಬೇರೆ ಗಿಡವೇನಲ್ಲ, ಅದೇ ಮೆಂತ್ಯದ ಕೂಸು. ಮೂರೆಲೆಯ ಗೊಂಚಲು ಇನ್ನೂ ಬಂದಿರುವುದಿಲ್ಲ. ಕಹಿ ತೆಳು, ಕಡ್ಡಿ ಬಿಳಿ, ಕಚ್ಚಿದರೆ ಕರುಂ ಅನ್ನುತ್ತದೆ.

ಇದರ ದೊಡ್ಡ ಅನುಕೂಲ ಸೋಸುವ ಕೆಲಸ ಇಲ್ಲದಿರುವುದು. ದೊಡ್ಡ ತೊಂದರೆ ಮರಳು. ಒಮ್ಮೆ ಊರಿಂದ ಮಾವ ಬಂದಿದ್ದರು. ಮುಂಬಯಿಯ ವಿಶೇಷ ಎಂದು ಹೆಮ್ಮೆಯಿಂದ ಪಲ್ಯ ಮಾಡಿ ಬಡಿಸಿದೆ. ಮೊದಲ ತುತ್ತಿಗೇ ಕಟ್ ಎಂಬ ಸದ್ದು. ಮಾವ ನಿಧಾನಕ್ಕೆ ನೀರು ಕುಡಿದು, "ಉಸುಕು ಸ್ವಲ್ಪ ಮುಂದಾಗೇದವಾ, ಪಲ್ಯ ಛಲೋ ಆಗೇದ" ಅಂದರು. ಅವತ್ತೇ ತೊಳೆಯುವ ಪದ್ಧತಿ ಬದಲಿಸಿದೆ.

ಈಗ ಮಾಡುವುದು ಹೀಗೆ. ದಾರ ಬಿಚ್ಚುವುದಿಲ್ಲ. ಕಟ್ಟನ್ನು ತಲೆಕೆಳಗು ಹಿಡಿದು ಎಲೆಯ ಭಾಗವನ್ನು ನೀರಲ್ಲಿ ಅದ್ದಿ ಅಲ್ಲಾಡಿಸುತ್ತೇನೆ. ಕಾಳಿನ ಹಳದಿ ಸಿಪ್ಪೆಗಳು ಅಲ್ಲೇ ಬಿಟ್ಟುಕೊಂಡು ಮೇಲೆ ತೇಲುತ್ತವೆ, ಅವನ್ನು ಚೆಲ್ಲುತ್ತೇನೆ. ನಂತರ ಕಟ್ಟಿದ್ದ ಹಾಗೆಯೇ ಕತ್ತರಿಯಿಂದ ದಾರದ ಮೇಲ್ಗಡೆ ಕತ್ತರಿಸುತ್ತೇನೆ. ಬೇರು, ಮರಳು, ದಾರ ಎಲ್ಲಾ ಒಂದೇ ಉಂಡೆಯಾಗಿ ಕೈಯಲ್ಲಿ ಉಳಿಯುತ್ತದೆ. ಕತ್ತರಿಸಿದ ಸೊಪ್ಪನ್ನು ಅಗಲ ಪಾತ್ರೆಯ ನೀರಿಗೆ ಹಾಕಿ ಎರಡು ನಿಮಿಷ ಬಿಟ್ಟು, ಎರಡೂ ಕೈಯಿಂದ ಮೇಲೆತ್ತಿ ಬೇರೆ ಪಾತ್ರೆಗೆ. ನೀರನ್ನು ಸೊಪ್ಪಿನ ಮೇಲಿಂದ ಬಗ್ಗಿಸಿದರೆ ತಳಕ್ಕೆ ಕೂತ ಮರಳು ಮತ್ತೆ ಸೊಪ್ಪಿಗೇ ಅಂಟುತ್ತದೆ. ಎಲ್ಲರೂ ತಪ್ಪುವುದು ಅಲ್ಲೇ, ನಾನೂ ತಪ್ಪಿದ್ದು ಅಲ್ಲೇ. ಪಾತ್ರೆಯ ತಳದಲ್ಲಿ ಒಂದು ಕಣವೂ ಉಳಿಯದ ತನಕ, ಸಾಮಾನ್ಯವಾಗಿ ನಾಲ್ಕು ಸಲ.

ಅಡುಗೆಗೆ ಬಂದರೆ ಇದನ್ನು ಜಾಸ್ತಿ ಬೇಯಿಸಬಾರದು. ಬೆಳ್ಳುಳ್ಳಿ, ಈರುಳ್ಳಿ ಒಗ್ಗರಣೆಗೆ ಸೊಪ್ಪು ಹಾಕಿ, ಮುಚ್ಚಳ ಮುಚ್ಚದೆ ಎರಡು ನಿಮಿಷ. ಜುಣಕಕ್ಕೆ ಇದರಷ್ಟು ಚೆನ್ನಾದ ಸೊಪ್ಪಿಲ್ಲ. ಕಡಲೆಹಿಟ್ಟಿನ ನಡುವೆ ಕಡ್ಡಿಯ ಕರುಂ ಉಳಿಯುತ್ತದೆ, ದೊಡ್ಡ ಎಲೆಯಲ್ಲಿ ಆ ಸುಖ ಇಲ್ಲ. ಮೀನು ತಿನ್ನುವ ನಮ್ಮ ಮಹಡಿಯವರು ಇದಕ್ಕೆ ಒಣ ಜವಳಾ, ಅಂದರೆ ಪುಟ್ಟ ಸಿಗಡಿ, ಹಾಕುತ್ತಾರೆ, ಅವರ ಮನೆಯಲ್ಲಿ ಅದಕ್ಕೆ ಭಾಕರಿಯೇ ಬೇಕು. ಬೇಳೆ, ಬಾತು, ಚಪಾತಿಗೆ ಮಾತ್ರ ಸಮುದ್ರ ಮೇಥಿ ದುಡ್ಡು ದಂಡ. ಒಂದು ದೊಡ್ಡ ಜುಡಿಯ ಕೆಲಸಕ್ಕೆ ಹತ್ತು ಹನ್ನೆರಡು ಪುಟ್ಟ ಕಟ್ಟು ಬೇಕಾಗುತ್ತದೆ, ಅಷ್ಟಾದರೂ ಘಮ ನಿಲ್ಲುವುದಿಲ್ಲ. ಇಡಲೂ ಆಗುವುದಿಲ್ಲ. ಮರುದಿನಕ್ಕೆ ಮೆತ್ತಗಾಗುತ್ತದೆ, ತಂದ ದಿನವೇ ಒಲೆಗೆ.

ಸೋಸಿದ ಸೊಪ್ಪು, ಅಥವಾ ರೈಲಲ್ಲಿ ಸೋಸುವುದು

ಸೋಸಿಟ್ಟ ಎಲೆಯ ಚೀಲಕ್ಕೆ ಕೊಡುವ ಹೆಚ್ಚಿನ ದುಡ್ಡು ಬೇರೊಬ್ಬ ಹೆಂಗಸಿನ ಕೈಕೆಲಸಕ್ಕೆ. ಕೊಡಲು ನನಗೆ ಬೇಜಾರಿಲ್ಲ. ತೊಂದರೆ ಏನೆಂದರೆ ಸೋಸಿದ ಎಲೆ ಬೇಗ ಬಾಡುತ್ತದೆ, ಕೆಲವರು ತೊಳೆದು ತುಂಬಿರುತ್ತಾರೆ, ಒದ್ದೆ ಎಲೆ ರಾತ್ರಿಯೊಳಗೆ ಕಪ್ಪಾಗುತ್ತದೆ. ಚೀಲದ ಒಳಗೋಡೆಯಲ್ಲಿ ನೀರ ಹನಿ ಕಂಡರೆ ಬೇಡ. ಒಣಗಿದ್ದು, ಅದೇ ರಾತ್ರಿ ಬೇಯಿಸುವುದಿದ್ದರೆ ಧಾರಾಳವಾಗಿ ತಗೊಳ್ಳಿ.

ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಓಡಾಡಿದವರಿಗೆ ಇನ್ನೊಂದು ದಾರಿ ಗೊತ್ತು. ದಾದರ್‌ನಲ್ಲಿ ಜುಡಿ ಕೊಂಡು ಹತ್ತಿ, ಕೂರಲು ಜಾಗ ಸಿಕ್ಕರೆ ತೊಡೆ ಮೇಲೆ ಪೇಪರ್ ಹಾಸಿ ಶುರು. ಠಾಣೆ ಬರುವಷ್ಟರಲ್ಲಿ ಎಲೆ ಒಂದು ಚೀಲದಲ್ಲಿ, ಕಡ್ಡಿ ಇನ್ನೊಂದರಲ್ಲಿ. ಪಕ್ಕದಲ್ಲಿ ಕೂತವರು ಕೇಳದೆಯೇ ಅರ್ಧ ಜುಡಿ ಎಳೆದುಕೊಂಡು ಸೋಸಿಕೊಡುತ್ತಾರೆ. ಹೆಸರು ಗೊತ್ತಿರುವುದಿಲ್ಲ, ಇಳಿಯುವ ಸ್ಟೇಷನ್ ಮಾತ್ರ ಗೊತ್ತಿರುತ್ತದೆ. ಕೂರಲು ಜಾಗ ಸಿಗದ ದಿನ ನಾನು ಮೆಂತ್ಯ ಕೊಳ್ಳುವುದೇ ಇಲ್ಲ, ಕೊತ್ತಂಬರಿಯಲ್ಲಿ ಮುಗಿಸುತ್ತೇನೆ.

ದೊಡ್ಡ ಜುಡಿಯನ್ನು ಒಂದೆರಡು ದಿನ ಇಡಲೇಬೇಕಾದರೆ ತೊಳೆಯಬೇಡಿ. ದಾರ ಬಿಚ್ಚಿ, ಹಳದಿ ಎಲೆ ತೆಗೆದು, ಹಳೇ ಪೇಪರಲ್ಲೋ ಒಣ ಬಟ್ಟೆಯಲ್ಲೋ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ಮೂರು ದಿನ ಬರುತ್ತದೆ.

ಕಸೂರಿ ಮೇಥಿ

ಇದನ್ನು ಹಸಿ ಸೊಪ್ಪಿಗೆ ಬದಲಿ ಎಂದು ಕೊಳ್ಳುವವರಿಗೆ ನಿರಾಸೆ ಖಂಡಿತ. ಹೆಸರು ಬಂದದ್ದು ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ಕಸೂರ್ ಊರಿನಿಂದ. ನಮ್ಮಲ್ಲಿ ರಾಜಸ್ಥಾನದ ನಾಗೌರ್ ಸೀಮೆ ಇದಕ್ಕೆ ಹೆಸರುವಾಸಿ. ಅಸಲಿ ಕಸೂರಿ ನಮ್ಮ ಮೆಂತ್ಯದ ದಾಯಾದಿ, ಅದೇ ಗಿಡವಲ್ಲ. ಇದು ಸೊಪ್ಪಲ್ಲ, ಮಸಾಲೆ. ಗ್ರೇವಿ ಇಳಿಸುವ ಮುನ್ನ ಒಂದು ಚಮಚ ಅಂಗೈಯಲ್ಲಿ ತಿಕ್ಕಿ ಉದುರಿಸಿ. ಬಟಾಣಿ, ಪನೀರ್, ಕೆನೆ ಇರುವ ಅಡುಗೆಗೆ ಚೆನ್ನ. ಪಲ್ಯಕ್ಕೆ ಹಾಕಿದರೆ ಒಣಹುಲ್ಲು ತಿಂದ ಹಾಗೆ. ಮುಂಬಯಿ ಹವೆಯಲ್ಲಿ ಪೊಟ್ಟಣ ಒಡೆದ ವಾರಕ್ಕೇ ಮೆತ್ತಗಾಗುತ್ತದೆ. ಬಿಸಿ ತವೆಯ ಮೇಲೆ ಅರ್ಧ ನಿಮಿಷ ಬೆಚ್ಚಗೆ ಮಾಡಿ, ಗಾಳಿಯಾಡದ ಡಬ್ಬಿಗೆ ಹಾಕಿ.

ಮಳೆಗಾಲದಲ್ಲಿ ಏನು?

ನವೆಂಬರಿನಿಂದ ಫೆಬ್ರವರಿ ತನಕ ಮೇಥಿಯದೇ ರಾಜ್ಯಭಾರ. ಅಗ್ಗ, ಎಳೆಯದು, ಒಂದರ ಮೇಲೊಂದು ಜುಡಿ ತುರುಕುತ್ತಾರೆ. ಜುಲೈ ಆಗಸ್ಟಿನಲ್ಲಿ ಅದೇ ಜುಡಿಗೆ ಎರಡು ಮೂರು ಪಟ್ಟು ಬೆಲೆ, ಒಳಗೆ ಕೆಸರು, ಕೊಳೆತ ಎಲೆ. ಆಗ ಹಟ ಹಿಡಿದು ಮೆಂತ್ಯವೇ ಬೇಕೆನ್ನುವುದರಲ್ಲಿ ಅರ್ಥವಿಲ್ಲ.

ಸಬ್ಬಸಿಗೆ ಇದೆ, ಇಲ್ಲಿ ಶೇಪೂ ಅನ್ನುತ್ತಾರೆ. ಹೆಸರುಬೇಳೆ ಪಲ್ಯಕ್ಕೆ, ಅಕ್ಕಿ ರೊಟ್ಟಿಗೆ ಅದು ಮೆಂತ್ಯಕ್ಕಿಂತ ಮೇಲು, ವಾಸನೆ ಸೇರಿದವರಿಗೆ. ನಮ್ಮ ಮನೆಯಲ್ಲಿ ಇಬ್ಬರಿಗೆ ಸೇರುತ್ತದೆ, ಒಬ್ಬರು ಆ ದಿನ ಹೊರಗೆ ಊಟ ಮಾಡಿ ಬರುತ್ತಾರೆ. ಇನ್ನು ಮೊದಲ ಮಳೆ ಬಿದ್ದ ಮೇಲೆ ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಕಾಡುಸೊಪ್ಪು ತಂದು ಕೂರುತ್ತಾರೆ. ಅದರಲ್ಲಿ ಟಾಕಳಾ ಎಂಬುದೊಂದಿದೆ, ಎಳೆಯದಿದ್ದಾಗ ದೂರದಿಂದ ಮೇಥಿಯ ಹಾಗೇ ಕಾಣುತ್ತದೆ. ಕೆಳಗಿನ ಮನೆಯ ಉಡುಪಿ ಕಡೆಯ ಅಕ್ಕ ಅದನ್ನು ನೋಡಿ "ಅಯ್ಯೋ, ಇದು ನಮ್ಮ ತಜಂಕ್ ಅಲ್ವಾ ಮಾರಾಯ್ತಿ" ಎಂದು ನಾಲ್ಕು ಕಟ್ಟು ಒಟ್ಟಿಗೆ ಎತ್ತಿಕೊಂಡರು. ಅವರು ಅದರಲ್ಲಿ ಮಾಡಿದ ಅಂಬಡೆ (ವಡೆ) ತಿಂದ ಮೇಲೆ ಜುಲೈ ತಿಂಗಳಲ್ಲಿ ನನಗೆ ಮೆಂತ್ಯದ ನೆನಪು ಕಡಿಮೆ. ತುದಿಯ ಎಳೆ ಎಲೆ ಮಾತ್ರ ತಗೊಳ್ಳಬೇಕು ಎನ್ನುವುದು ಅವರ ಕಟ್ಟಪ್ಪಣೆ.

ಹಸಿ ತಿನ್ನುವವರಿಗೆ

ಈ ವಿಷಯ ನನಗೆ ಹತ್ತಿರದ್ದು. ನಮ್ಮ ಕಡೆ ಜೋಳದ ರೊಟ್ಟಿ ಜೊತೆ ಹಸಿ ಮೆಂತ್ಯ ಇರಲೇಬೇಕು, ಉಳ್ಳಾಗಡ್ಡಿ ಇರುವ ಹಾಗೆ. ಕಡ್ಡಿ ಸಮೇತ ಒಂದೊಂದೇ ಬಾಯಿಗೆ. ಇಲ್ಲವೇ ಪಚಡಿ. ಎಳೆ ಎಲೆ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಹಸಿಖಾರ, ತರಿತರಿ ಶೇಂಗಾ ಪುಡಿ, ಹಸಿ ಎಣ್ಣೆ, ನಿಂಬೆ. ಉಪ್ಪು ಬಡಿಸುವಾಗಲೇ ಹಾಕಬೇಕು, ಮೊದಲೇ ಹಾಕಿದರೆ ನೀರು ಬಿಟ್ಟು ಕೆಡುತ್ತದೆ.

ರುಚಿ ಮಾತ್ರ ನೋಡಿದರೆ ಪಚಡಿಗೆ ಸಮುದ್ರ ಮೇಥಿಯೇ ಸರಿ. ಆದರೆ ಮುಂಬಯಿಯಲ್ಲಿ ಹಸಿ ಸೊಪ್ಪು ತಿನ್ನುವಾಗ ಅದು ಬೆಳೆದ ನೀರಿನ ಬಗ್ಗೆಯೂ ಯೋಚಿಸಬೇಕಾಗುತ್ತದೆ. ರೈಲಿನ ಕಿಟಕಿಯಿಂದ ಹಳಿ ಪಕ್ಕದ ಸೊಪ್ಪಿನ ಮಡಿಗಳನ್ನು ಎಲ್ಲರೂ ನೋಡಿದ್ದೇವೆ. ಜಾಸ್ತಿ ಆಹಾರ ಬೆಳೆಯುವ ಯೋಜನೆಯಡಿ ರೈಲ್ವೆಯೇ ತನ್ನ ನೌಕರರಿಗೆ ಗುತ್ತಿಗೆ ಕೊಡುತ್ತಿದ್ದ ಜಾಗ ಅದು. ಪಾಲಕ್, ಕೆಂಪು ಹರಿವೆ, ಮೇಥಿ ಎಲ್ಲಾ ಬೆಳೆಯುತ್ತಿದ್ದರು. ಅಲ್ಲಿಗೆ ಚರಂಡಿಯ ಕೊಳಕು ನೀರು ಹಾಯಿಸುತ್ತಾರೆ ಎಂಬ ದೂರು ಹಳೆಯದು. ಬುಟ್ಟಿಯಲ್ಲಿ ಕೂತ ಸೊಪ್ಪು ಎಲ್ಲಿಂದ ಬಂತೆಂದು ಮುಖ ನೋಡಿ ಹೇಳಲು ಆಗುವುದಿಲ್ಲ. ಬೇಯಿಸುವ ಸೊಪ್ಪಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹಸಿ ತಿನ್ನುವುದನ್ನು ಮಾತ್ರ ಮನೆಯಲ್ಲೇ ಬೆಳೆಯುತ್ತೇನೆ. ಮನೆಯಲ್ಲಿ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಸೊಪ್ಪಿನ ಪ್ರಮಾಣ ಒಮ್ಮೆಲೇ ಏರಿಸುವ ಮೊದಲು ಡಾಕ್ಟರಿಗೆ ಒಂದು ಮಾತು ಕೇಳಿ. ಶೇಂಗಾ ಆಗಿಬರದವರೂ ಎಚ್ಚರ, ಮೆಂತ್ಯವೂ ಅದೇ ದ್ವಿದಳ ಕುಲದ್ದು.

ಬೆಳೆಯಲು ಹಿತ್ತಲು ಬೇಕಾಗಿಲ್ಲ, ಕಿಟಕಿಯ ಗ್ರಿಲ್ ಸಾಕು. ಡಬ್ಬಿಯಲ್ಲಿರುವ ಒಗ್ಗರಣೆ ಮೆಂತ್ಯವನ್ನೇ ಎರಡು ಹಿಡಿ ರಾತ್ರಿ ನೆನೆಸಿ. ತಳಕ್ಕೆ ತೂತು ಮಾಡಿದ ಮಿಠಾಯಿ ಡಬ್ಬಿಯಲ್ಲಿ ಎರಡು ಬೆರಳಷ್ಟು ತೆಂಗಿನ ನಾರಿನ ಪುಡಿ ಹರಡಿ, ಕಾಳು ಒತ್ತೊತ್ತಾಗಿ ಉದುರಿಸಿ, ಮೇಲೆ ತೆಳ್ಳಗೆ ಇನ್ನಷ್ಟು ಪುಡಿ. ನೀರು ಚಿಮುಕಿಸಿದರೆ ಸಾಕು, ಹೊಯ್ಯಬಾರದು. ಮೂರನೇ ದಿನಕ್ಕೆ ಮೊಳಕೆ ತಲೆ ಎತ್ತುತ್ತದೆ, ಹತ್ತು ಹನ್ನೆರಡು ದಿನಕ್ಕೆ ಕತ್ತರಿ ಹಾಕಬಹುದು. ಮರಳಿಲ್ಲದ ಸಮುದ್ರ ಮೇಥಿ ಅನ್ನಿ. ದೊಡ್ಡ ಎಲೆ ಬೇಕೆಂದರೆ ಕಾಳನ್ನು ದೂರ ದೂರ ಹಾಕಿ ಒಂದು ತಿಂಗಳು ಕಾಯಬೇಕು. ಅಷ್ಟು ಬಿಸಿಲು ನಮ್ಮ ಕಿಟಕಿಗೆ ಬರುವುದಿಲ್ಲ, ಎದುರಿಗೇ ಇನ್ನೊಂದು ಬಿಲ್ಡಿಂಗ್. ಹಾಗಾಗಿ ನಾನು ಪುಟ್ಟದರಲ್ಲೇ ತೃಪ್ತಿ. ವಾರಕ್ಕೊಂದು ಡಬ್ಬಿ ಬಿತ್ತುತ್ತಾ ಹೋದರೆ ರೊಟ್ಟಿ ಮಾಡುವ ಭಾನುವಾರಕ್ಕೆ ಒಂದು ತಯಾರಿರುತ್ತದೆ.

ಮೊದಲ ಡಬ್ಬಿಯನ್ನು ಮಾತ್ರ ನಾವು ತಿನ್ನಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ನೋಡಿದರೆ ಎರಡು ಪಾರಿವಾಳಗಳು ಡಬ್ಬಿಯೊಳಗೇ ಕೂತಿದ್ದವು, ಒಂದು ಎಲೆ ಉಳಿದಿರಲಿಲ್ಲ. ಈಗ ಹಳೇ ಸೊಳ್ಳೆಪರದೆಯ ತುಂಡು ಕಟ್ಟುತ್ತೇನೆ, ನಾಲ್ಕೂ ಮೂಲೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು.